ಮಾರ್ಕ್ಸ್ ಕಾರ್ಡಲ್ಲಿ ಇನಿಶಿಯಲ್, ಪಾಸ್‌ಪೋರ್ಟಲ್ಲಿ ಸರ್‌ನೇಮ್ ಖಾಲಿ: ಅರ್ಜಿಗೆ ಮುಂಚೆ ಯಾವುದನ್ನು ಸರಿ ಮಾಡಿಸಬೇಕು?

ಪ್ರಶ್ನೆ: ಮೇಡಂ, ನಾನು ತಿಪಟೂರಿನವಳು. ಬಿಇ ಕೊನೆಯ ವರ್ಷದಲ್ಲಿದ್ದೇನೆ. ಎಂಎಸ್ ಮಾಡಲು ಅಮೆರಿಕಕ್ಕೆ ಇಲ್ಲವೇ ಕೆನಡಾಕ್ಕೆ ಹೋಗಬೇಕು ಅಂತಿದ್ದೇನೆ. ಅರ್ಜಿ ಹಾಕಲು ಇನ್ನೂ ನಾಲ್ಕು ತಿಂಗಳಿದೆ. ಎಸ್‌ಎಸ್‌ಎಲ್‌ಸಿಯಿಂದ ಹಿಡಿದು ಎಲ್ಲ ಮಾರ್ಕ್ಸ್ ಕಾರ್ಡಲ್ಲೂ ನನ್ನ ಹೆಸರು ‘ಚೈತ್ರ ಎಚ್ ಎನ್’. ಪಾಸ್‌ಪೋರ್ಟನ್ನು 16ನೇ ವಯಸ್ಸಿನಲ್ಲಿ ಹತ್ತು ವರ್ಷಕ್ಕೆ ಮಾಡಿಸಿದ್ದೆವು. ಫಾರಂ ತುಂಬಿದ್ದು ಸೈಬರ್ ಸೆಂಟರಿನವರು. ಅದರಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ. ಗಿವನ್ ನೇಮ್ ಜಾಗದಲ್ಲಿ ‘ಚೈತ್ರ ಹೊನ್ನವಳ್ಳಿ ನಾಗರಾಜು’ ಅಂತ ಪೂರ್ತಿ ಬಂದಿದೆ. ಸಾಲದ್ದಕ್ಕೆ ಇಂಗ್ಲಿಷಿನಲ್ಲಿ ‘ಚೈತ್ರ’ ಬರೆಯುವಾಗ ಟಿ ಆದ ಮೇಲೆ ಒಂದು ಎಚ್ ಸೇರಿಕೊಂಡಿದೆ. ಮಾರ್ಕ್ಸ್ ಕಾರ್ಡಲ್ಲಿ ಆ ಎಚ್ ಇಲ್ಲ, ಆಧಾರಲ್ಲಿ ಇದೆ. ಕನ್ಸಲ್ಟೆನ್ಸಿಯವರು ‘ಸರ್‌ನೇಮ್ ಇಲ್ಲದಿದ್ದರೆ ವೀಸಾ ರಿಜೆಕ್ಟ್ ಗ್ಯಾರಂಟಿ’ ಅಂದರು. ನಮ್ಮ ಸೋದರಮಾವ ‘ಮಾರ್ಕ್ಸ್ ಕಾರ್ಡನ್ನೇ ತಿದ್ದಿಸು’ ಅನ್ನುತ್ತಾರೆ. ಹುಟ್ಟಿದ ಊರಿನ ಜಾಗದಲ್ಲಿ ತುಮಕೂರಿನ ಹಳೇ ಸ್ಪೆಲ್ಲಿಂಗ್ ಇದೆ. ಸಹಿ ಕನ್ನಡದಲ್ಲಿದೆ. ಮುಂದಿನ ತಿಂಗಳು ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಬುಕ್ ಆಗಿದೆ. ಎಲ್ಲಿಂದ ಶುರು ಮಾಡಲಿ ಅಂತಾನೇ ಗೊತ್ತಾಗುತ್ತಿಲ್ಲ. ನಿದ್ದೆ ಬರುತ್ತಿಲ್ಲ.

ಉತ್ತರ: ಚೈತ್ರ ಅವರೇ, ಮೊದಲು ನೆಮ್ಮದಿಯಾಗಿ ನಿದ್ದೆ ಮಾಡಿ. ನಿಮಗೆ ನಾಲ್ಕು ತಿಂಗಳಿದೆ, ಇನ್ನೂ ಎಲ್ಲೂ ಅರ್ಜಿ ಹಾಕಿಲ್ಲ. ಈ ಹಂತದಲ್ಲಿ ಬರೆದಿದ್ದಕ್ಕೆ ನನಗೆ ನಿಜಕ್ಕೂ ಖುಷಿಯಾಯಿತು. ನನಗೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ವೀಸಾ ಇಂಟರ್‌ವ್ಯೂಗೆ ವಾರ ಇರುವಾಗ ಬರುತ್ತವೆ. ಆಗ ಸಲಹೆ ಕೊಡಲು ನನ್ನ ಹತ್ತಿರವೂ ಹೆಚ್ಚೇನೂ ಉಳಿದಿರುವುದಿಲ್ಲ.

(ಹೆಸರು, ಊರು ಬದಲಿಸಿದ್ದೇನೆ. ಸಮಸ್ಯೆಯನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ. ಹಳೇ ಮೈಸೂರು ಕಡೆಯ ಪ್ರತಿ ಎರಡನೇ ಮನೆಯಲ್ಲಿ ಇದೇ ಕಥೆ ಇದೆ.)

ನಿಮ್ಮ ಪತ್ರದಲ್ಲಿ ಐದು ಚಿಂತೆಗಳಿವೆ. ಸರ್‌ನೇಮ್ ಖಾಲಿ ಇರುವುದು, ಒಂದು ಎಚ್ ಜಾಸ್ತಿ ಇರುವುದು, ಮಾರ್ಕ್ಸ್ ಕಾರ್ಡಿನ ಇನಿಶಿಯಲ್, ತುಮಕೂರಿನ ಸ್ಪೆಲ್ಲಿಂಗ್, ಕನ್ನಡದ ಸಹಿ. ಇವುಗಳಲ್ಲಿ ಮೊದಲ ಎರಡಕ್ಕೆ ಮಾತ್ರ ಕೆಲಸ ಮಾಡಬೇಕು. ಮೂರನೆಯದಕ್ಕೆ ಒಂದು ಕಾಗದ ಸಾಕು. ಕೊನೆಯ ಎರಡನ್ನು ತಲೆಯಿಂದ ತೆಗೆದುಹಾಕಿ. ನಿಮಗೆ ಹೊಳೆಯದ ಆರನೆಯ ವಿಷಯ ಒಂದಿದೆ: ಮುಂದಿನ ತಿಂಗಳ ಐಇಎಲ್‌ಟಿಎಸ್. ನಿಜವಾದ ಗಡಿಬಿಡಿ ಇರುವುದು ಅಲ್ಲೇ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಗೊಂದಲ ಹುಟ್ಟುವುದೇ ಯಾಕೆ?

ತಪ್ಪು ನಿಮ್ಮದಲ್ಲ, ಸೈಬರ್ ಸೆಂಟರಿನವರದ್ದೂ ಪೂರ್ತಿ ಅಲ್ಲ. ನಮ್ಮಲ್ಲಿ ಹೆಸರಿಡುವ ರೀತಿಯೇ ಬೇರೆ. ಊರಿನ ಹೆಸರಿನ ಮೊದಲ ಅಕ್ಷರ, ಅಪ್ಪನ ಹೆಸರಿನ ಮೊದಲ ಅಕ್ಷರ, ಆಮೇಲೆ ನಮ್ಮ ಹೆಸರು. ಉತ್ತರ ಕರ್ನಾಟಕದಲ್ಲಿ ಪಾಟೀಲ, ಹಿರೇಮಠ, ಕುಲಕರ್ಣಿ ಅಂತ ಅಡ್ಡಹೆಸರು ಇರುತ್ತದೆ, ಅವರಿಗೆ ಈ ತಾಪತ್ರಯ ಕಡಿಮೆ. ನಮಗೆ ಅಡ್ಡಹೆಸರೇ ಇಲ್ಲ. ಶಾಲೆಯಲ್ಲಿ ಹಾಜರಿ ಕೂಗುವಾಗ ‘ಚೈತ್ರ ಎಚ್ ಎನ್’ ಅಂದರೆ ಮುಗಿಯಿತು.

ಪಾಸ್‌ಪೋರ್ಟ್ ಮಾತ್ರ ನಮ್ಮ ಶಾಲೆಯ ಹಾಜರಿ ಪುಸ್ತಕ ಅಲ್ಲ. ಅದರ ಅಚ್ಚು ಇಡೀ ಜಗತ್ತಿಗೆ ಒಂದೇ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಮಾಡಿಟ್ಟ ಆ ಅಚ್ಚಿನಲ್ಲಿ ಹೆಸರಿಗೆ ಎರಡೇ ಭಾಗ. ನಮ್ಮ ಪಾಸ್‌ಪೋರ್ಟ್ ಅರ್ಜಿಯಲ್ಲೂ ಅಷ್ಟೇ, ಗಿವನ್ ನೇಮ್ ಒಂದು ಜಾಗ, ಸರ್‌ನೇಮ್ ಇನ್ನೊಂದು ಜಾಗ. ಇನಿಶಿಯಲ್ ಹಾಕುವಂತಿಲ್ಲ ಅಂತ ಅರ್ಜಿಯಲ್ಲೇ ಬರೆದಿರುತ್ತದೆ. ಹಾಗಾಗಿ ಎಚ್‌ ಅನ್ನು ಹೊನ್ನವಳ್ಳಿ, ಎನ್‌ ಅನ್ನು ನಾಗರಾಜು ಅಂತ ಬಿಡಿಸಲೇಬೇಕು. ಫಾರಂ ತುಂಬಿದವರು ಅಲ್ಲಿಯವರೆಗೆ ಸರಿಯಾಗಿಯೇ ಮಾಡಿದ್ದಾರೆ. ಸರ್‌ನೇಮ್ ಕಡ್ಡಾಯ ಅಲ್ಲವಾದ್ದರಿಂದ ಬಿಡಿಸಿದ್ದನ್ನೆಲ್ಲ ಒಂದೇ ಜಾಗಕ್ಕೆ ಸುರಿದು ಮುಂದೆ ಹೋಗಿದ್ದಾರೆ. ಊರಲ್ಲಿದ್ದಷ್ಟು ದಿನ ಅದು ಯಾರಿಗೂ ತೊಂದರೆ ಕೊಡುವುದಿಲ್ಲ.

ನಿಮ್ಮ ಪಾಸ್‌ಪೋರ್ಟನ್ನು ಈಗ ತೆಗೆದು ಫೋಟೋ ಇರುವ ಪುಟ ನೋಡಿ. ಕೆಳಗೆ ಎರಡು ಸಾಲು, ಒಂದೊಂದರಲ್ಲಿ 44 ಅಕ್ಷರ. ನಡುವೆ ಬಾಣದ ತುದಿಯಂಥ ಗುರುತುಗಳು. ಇಮಿಗ್ರೇಷನ್ ಕೌಂಟರಿನ ಯಂತ್ರ ಓದುವುದು ಈ ಎರಡು ಸಾಲನ್ನು. ಸರ್‌ನೇಮ್ ಇರುವ ಪಾಸ್‌ಪೋರ್ಟಿನ ಮೊದಲ ಸಾಲಿನಲ್ಲಿ ದೇಶದ ಮೂರಕ್ಷರ ಆದ ಮೇಲೆ ಸರ್‌ನೇಮ್, ಆಮೇಲೆ ಎರಡು ಬಾಣ, ಆಮೇಲೆ ಗಿವನ್ ನೇಮ್. ಎರಡನೇ ಸಾಲಿನಲ್ಲಿ ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ, ಅವಧಿ ಮುಗಿಯುವ ದಿನ. ಇಲ್ಲಿ ತಾರೀಖುಗಳನ್ನು ವರ್ಷ, ತಿಂಗಳು, ದಿನ ಅನ್ನುವ ಕ್ರಮದಲ್ಲಿ ಬರೆದಿರುತ್ತಾರೆ, ಗಾಬರಿಯಾಗಬೇಡಿ. ಯೂನಿವರ್ಸಿಟಿ ಅರ್ಜಿ, ವೀಸಾ ಅರ್ಜಿ, ವಿಮಾನದ ಟಿಕೆಟ್ ಎಲ್ಲವೂ ಕೊನೆಗೆ ಈ ಪುಟಕ್ಕೆ ಹೊಂದಬೇಕು.

ವೀಸಾ ರಿಜೆಕ್ಟ್ ಆಗುತ್ತದಾ?

ಇಲ್ಲ. ಸರ್‌ನೇಮ್ ಖಾಲಿ ಇದೆ ಅನ್ನುವ ಒಂದೇ ಕಾರಣಕ್ಕೆ ಅಮೆರಿಕವಾಗಲಿ ಕೆನಡಾವಾಗಲಿ ಸ್ಟೂಡೆಂಟ್ ವೀಸಾ ತಿರಸ್ಕರಿಸುವುದಿಲ್ಲ. ಇಂಥ ಹೆಸರಿಗೆ ಏನು ಮಾಡಬೇಕು ಅಂತ ಅವರ ಅರ್ಜಿಗಳಲ್ಲೇ ಸೂಚನೆ ಇದೆ. ಅಮೆರಿಕದ ಡಿಎಸ್-160 ವೀಸಾ ಅರ್ಜಿಯಲ್ಲಿ ಇರುವ ಹೆಸರನ್ನು ಪೂರ್ತಿ ಸರ್‌ನೇಮ್ ಜಾಗದಲ್ಲಿ ಬರೆದು, ಗಿವನ್ ನೇಮ್ ಜಾಗದಲ್ಲಿ ಎಫ್‌ಎನ್‌ಯು ಅಂತ ಹಾಕಬೇಕು. ಹಾಗಂದರೆ ಫಸ್ಟ್ ನೇಮ್ ಅನ್‌ನೋನ್. ಕೆನಡಾದವರು ಪೂರ್ತಿ ಹೆಸರನ್ನು ಫ್ಯಾಮಿಲಿ ನೇಮ್ ಜಾಗದಲ್ಲಿ ಬರೆದು ಗಿವನ್ ನೇಮ್ ಖಾಲಿ ಬಿಡಿ ಅನ್ನುತ್ತಾರೆ.

ಹಾಗಾದರೆ ‘ರಿಜೆಕ್ಟ್’ ಅನ್ನುವ ಮಾತು ಎಲ್ಲಿಂದ ಬಂತು? ನನಗೆ ತಿಳಿದ ಹಾಗೆ ಅದು ಜೋರಾಗಿದ್ದು 2022ರ ನವೆಂಬರ್ ನಂತರ. ಪಾಸ್‌ಪೋರ್ಟಿನಲ್ಲಿ ಒಂದೇ ಒಂದು ಹೆಸರು ಇದ್ದು ಇನ್ನೊಂದು ಜಾಗ ಖಾಲಿ ಇದ್ದರೆ ವಿಸಿಟ್ ವೀಸಾದಲ್ಲಿ ಬರುವಂತಿಲ್ಲ ಅಂತ ಯುಎಇ ಆಗ ನಿಯಮ ತಂದಿತು. ಟ್ರಾವೆಲ್ ಏಜೆಂಟರ ಬಾಯಲ್ಲಿ ಅದು ‘ಸರ್‌ನೇಮ್ ಇಲ್ಲದಿದ್ದರೆ ಫಾರಿನ್‌ಗೇ ಹೋಗೋಕಾಗಲ್ಲ’ ಅಂತಾಯಿತು. ಒಂದು ದೇಶದ ಒಂದು ಬಗೆಯ ವೀಸಾದ ನಿಯಮ ಅದು. ನಿಮ್ಮ ಓದಿಗೂ ಅದಕ್ಕೂ ಸಂಬಂಧ ಇಲ್ಲ.

ವೀಸಾ ಸಿಗುತ್ತದೆ ಅಂದ ಮಾತ್ರಕ್ಕೆ ಸುಮ್ನೆ ಹಾಗೇ ಬಿಡಿ ಅಂತ ನಾನು ಹೇಳುವುದಿಲ್ಲ. ಕಷ್ಟ ಇರುವುದು ವೀಸಾ ಬಂದ ಮೇಲೆ. ನಮ್ಮಲ್ಲಿಂದ ಹೋದ ಒಬ್ಬ ಹುಡುಗನ ವೀಸಾದಲ್ಲಿ ಗಿವನ್ ನೇಮ್ ಜಾಗದಲ್ಲಿ ಎಫ್‌ಎನ್‌ಯು ಬಂತು. ಕಾಲೇಜಿನ ಐಡಿ ಕಾರ್ಡಲ್ಲೂ ಅದೇ, ಬ್ಯಾಂಕಲ್ಲೂ ಅದೇ, ಡ್ರೈವಿಂಗ್ ಲೈಸೆನ್ಸಲ್ಲೂ ಅದೇ. ಹಾಜರಿ ಕರೆಯುವಾಗ ಮೇಷ್ಟ್ರು ಅದನ್ನೇ ಅವನ ಹೆಸರು ಅಂದುಕೊಂಡು ಓದಿದರಂತೆ. ಆಮೇಲೆ ಅಲ್ಲಿಂದಲೇ ಪಾಸ್‌ಪೋರ್ಟ್ ಸರಿ ಮಾಡಿಸಿಕೊಂಡ. ಆದರೆ ಪಾಸ್‌ಪೋರ್ಟ್ ಬದಲಾದ ಕೂಡಲೇ ಉಳಿದದ್ದು ತಾನಾಗಿ ಬದಲಾಗುವುದಿಲ್ಲ. ಕಾಲೇಜು, ಬ್ಯಾಂಕು, ಸೋಷಿಯಲ್ ಸೆಕ್ಯುರಿಟಿ, ಲೈಸೆನ್ಸ್ ಅಂತ ಒಂದೊಂದು ಬಾಗಿಲಿಗೂ ಅವನು ಮತ್ತೆ ಅಲೆಯಬೇಕಾಯಿತು. ಅದೂ ಸೆಮಿಸ್ಟರ್ ನಡುವೆ.

ನಿಮ್ಮ ಮುಂದಿರುವ ದಾರಿಗಳು

ಒಂದು, ಪಾಸ್‌ಪೋರ್ಟನ್ನು ಇರುವ ಹಾಗೇ ಬಿಟ್ಟು ಅರ್ಜಿ ಹಾಕುವುದು. ನಿಮ್ಮ ಕೈಯಲ್ಲಿ ಆರು ವಾರ ಮಾತ್ರ ಇದ್ದಿದ್ದರೆ ನಾನು ಇದನ್ನೇ ಹೇಳುತ್ತಿದ್ದೆ. ಅರ್ಜಿಯ ನಡುವೆ ಪಾಸ್‌ಪೋರ್ಟ್ ಬದಲಿಸುವುದಕ್ಕಿಂತ ಎಫ್‌ಎನ್‌ಯು ಎಷ್ಟೋ ಮೇಲು. ವಿಮಾನದ ಟಿಕೆಟ್ ಮಾಡುವಾಗ ಮಾತ್ರ ಹುಷಾರಾಗಿರಬೇಕು. ಬುಕಿಂಗ್ ಫಾರಂ ಲಾಸ್ಟ್ ನೇಮ್ ಇಲ್ಲದೆ ಮುಂದೆ ಹೋಗುವುದಿಲ್ಲ, ಅಲ್ಲಿ ಏನು ಬರೆಯಬೇಕು ಅನ್ನುವುದು ಏರ್‌ಲೈನಿನಿಂದ ಏರ್‌ಲೈನಿಗೆ ಬೇರೆ. ಫೋನ್ ಮಾಡಿ ಕೇಳಿಕೊಂಡೇ ಬುಕ್ ಮಾಡಬೇಕು.

ಎರಡು, ಮಾರ್ಕ್ಸ್ ಕಾರ್ಡುಗಳನ್ನು ತಿದ್ದಿಸುವುದು. ನಿಮ್ಮ ಮಾವನ ಕಾಳಜಿ ದೊಡ್ಡದು, ಆದರೆ ಈ ದಾರಿ ಬೇಡ. ಎಸ್‌ಎಸ್‌ಎಲ್‌ಸಿ, ಪಿಯುಸಿಗೆ ಪರೀಕ್ಷಾ ಮಂಡಳಿ, ಅದೂ ಓದಿದ ಶಾಲೆ ಕಾಲೇಜಿನ ಮೂಲಕ. ಬಿಇಗೆ ಯೂನಿವರ್ಸಿಟಿ, ಸೆಮಿಸ್ಟರಿಗೊಂದು ಕಾರ್ಡು. ನಾಲ್ಕು ತಿಂಗಳು ಅಲೆದರೂ ಮುಗಿಯುತ್ತದೆ ಅನ್ನುವ ಭರವಸೆ ಇಲ್ಲ. ಅಷ್ಟಕ್ಕೂ ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್ ಇರುವುದು ತಪ್ಪೇ ಅಲ್ಲ. ದಕ್ಷಿಣ ಭಾರತದಿಂದ ಹೋಗುವ ಮಕ್ಕಳ ಟ್ರಾನ್ಸ್‌ಕ್ರಿಪ್ಟುಗಳನ್ನು ಅಲ್ಲಿನ ಅಡ್ಮಿಷನ್ ಆಫೀಸಿನವರು ವರ್ಷವರ್ಷವೂ ನೋಡುತ್ತಾರೆ. ಎಚ್ ಎನ್ ಅಂದರೇನು ಅಂತ ಒಂದು ಕಾಗದ ಹೇಳಿದರೆ ಅವರಿಗೆ ಸಾಕು.

ಮೂರು, ಈಗಲೇ ಪಾಸ್‌ಪೋರ್ಟ್ ರೀಇಶ್ಯೂ ಮಾಡಿಸಿ, ಅಂದರೆ ಹಳೆಯದರ ಬದಲಿಗೆ ಹೊಸದು ಪಡೆದು, ಹೆಸರನ್ನು ಎರಡು ಭಾಗ ಮಾಡಿಕೊಳ್ಳುವುದು. ನಿಮಗೆ ನನ್ನ ಸಲಹೆ ಇದೇ. ಪಾಸ್‌ಪೋರ್ಟ್ ಸೇವಾ ಪೋರ್ಟಲಿನಲ್ಲಿ ರೀಇಶ್ಯೂ ಆರಿಸಿ, ಕಾರಣದಲ್ಲಿ ‘ಈಗಿರುವ ವೈಯಕ್ತಿಕ ವಿವರಗಳಲ್ಲಿ ಬದಲಾವಣೆ’ ಅನ್ನುವುದನ್ನು ಗುರುತು ಮಾಡಬೇಕು. 36 ಪುಟದ ಪುಸ್ತಕಕ್ಕೆ 1500 ರೂಪಾಯಿ, 60 ಪುಟದ್ದಕ್ಕೆ 2000. ತತ್ಕಾಲ್ ಆದರೆ ಮೇಲೆ 2000 ಜಾಸ್ತಿ. ನಿಮಗೆ ತತ್ಕಾಲ್ ಬೇಡ. ಅದು ಬೇಗ ಕೊಡಿಸುತ್ತದೆಯೇ ಹೊರತು ದಾಖಲೆ ಕೇಳುವುದನ್ನು ಕಡಿಮೆ ಮಾಡುವುದಿಲ್ಲ.

ಇದರಲ್ಲಿ ರಿಸ್ಕ್ ಇಲ್ಲವೇ? ಇದೆ. ಪೊಲೀಸ್ ವೆರಿಫಿಕೇಷನ್ ಮತ್ತೆ ಬರಬಹುದು. ಆ ದಿನ ನೀವು ಹಾಸ್ಟೆಲಿನಲ್ಲಿದ್ದು ಅರ್ಜಿಯಲ್ಲಿ ತಿಪಟೂರಿನ ವಿಳಾಸ ಕೊಟ್ಟಿದ್ದರೆ ‘ಅರ್ಜಿದಾರರು ವಿಳಾಸದಲ್ಲಿ ಇಲ್ಲ’ ಅಂತ ವರದಿ ಹೋಗಬಹುದು. ಹಾಗೆ ಆಗದಂತೆ ಮನೆಯವರಿಗೆ ಮೊದಲೇ ಹೇಳಿಡಿ, ಫೋನ್ ಬಂದ ಕೂಡಲೇ ಊರಿಗೆ ಹೋಗಿ. ಇನ್ನೊಂದು, ಪಾಸ್‌ಪೋರ್ಟ್ ನಂಬರೇ ಬದಲಾಗುತ್ತದೆ. ಹಳೇ ನಂಬರ್ ಕೊಟ್ಟ ಕಡೆಯೆಲ್ಲ ಹೊಸದನ್ನು ತಿಳಿಸಬೇಕು. ನೀವು ಇನ್ನೂ ಎಲ್ಲೂ ಕೊಟ್ಟಿಲ್ಲ, ಐಇಎಲ್‌ಟಿಎಸ್ ಒಂದನ್ನು ಬಿಟ್ಟು.

ಲಾಭವೂ ಒಂದಿದೆ. ಹೊಸ ಪಾಸ್‌ಪೋರ್ಟಿಗೆ ಹೊಸದಾಗಿ ಹತ್ತು ವರ್ಷ ಸಿಗುತ್ತದೆ. ಕೆನಡಾಕ್ಕೆ ಹೋಗುವುದಾದರೆ ಇದು ತುಂಬ ಮುಖ್ಯ. ಅಲ್ಲಿನ ಸ್ಟಡಿ ಪರ್ಮಿಟ್ ಪಾಸ್‌ಪೋರ್ಟಿನ ಅವಧಿ ದಾಟಿ ಸಿಗುವುದಿಲ್ಲ. ಓದು ಮುಗಿದ ಮೇಲೆ ಕೊಡುವ ವರ್ಕ್ ಪರ್ಮಿಟ್ಟೂ ಅಷ್ಟೇ. 16ನೇ ವಯಸ್ಸಿನಲ್ಲಿ ತೆಗೆದ ನಿಮ್ಮ ಪಾಸ್‌ಪೋರ್ಟ್ 26ಕ್ಕೆ ಮುಗಿಯುತ್ತದೆ. ಎರಡು ವರ್ಷದ ಓದು, ಆಮೇಲೆ ಮೂರು ವರ್ಷದವರೆಗೆ ಸಿಗಬಹುದಾದ ವರ್ಕ್ ಪರ್ಮಿಟ್, ಲೆಕ್ಕ ಹಾಕಿ ನೋಡಿ. ಅಲ್ಲಿ ಹೋಗಿ ಮಾಡಿಸಬೇಕಾದ ಕೆಲಸ ಇಲ್ಲೇ ಮುಗಿದ ಹಾಗಾಯಿತು.

ಸರ್‌ನೇಮ್ ಜಾಗದಲ್ಲಿ ಏನು ಬರೆಯಲಿ?

ಇದನ್ನು ನೀವು ಕೇಳಿಲ್ಲ. ಆದರೆ ಫಾರಂ ತುಂಬುವಾಗ ಇಲ್ಲೇ ಬೆರಳು ನಿಲ್ಲುತ್ತದೆ.

ಸರ್‌ನೇಮ್ ಅಂದರೆ ಮನೆತನದ ಹೆಸರೇ ಆಗಿರಬೇಕು ಅಂತೇನಿಲ್ಲ. ಅಪ್ಪನ ಹೆಸರು ಹಾಕಬಹುದು, ಊರಿನ ಹೆಸರೂ ಹಾಕಬಹುದು. ಗಿವನ್ ನೇಮ್ ಜಾಗದಲ್ಲಿ ‘ಚೈತ್ರ’, ಸರ್‌ನೇಮ್ ಜಾಗದಲ್ಲಿ ‘ಹೊನ್ನವಳ್ಳಿ ನಾಗರಾಜು’ ಅಂತ ಇಡಬಹುದು. ಇಲ್ಲವೇ ‘ಚೈತ್ರ ಹೊನ್ನವಳ್ಳಿ’ ಒಂದು ಕಡೆ, ‘ನಾಗರಾಜು’ ಇನ್ನೊಂದು ಕಡೆ. ನನಗೆ ಮೊದಲನೆಯದೇ ಇಷ್ಟ. ಅಲ್ಲಿ ಎಲ್ಲರೂ ನಿಮ್ಮನ್ನು ಗಿವನ್ ನೇಮಿನಿಂದ ಕರೆಯುತ್ತಾರೆ, ಅಲ್ಲಿ ನಿಮ್ಮ ಹೆಸರು ಮಾತ್ರ ಇದ್ದರೆ ಚೆಂದ, ಅಲ್ವಾ? ಯಂತ್ರ ಓದುವ ಸಾಲಿನಲ್ಲಿ ಹೆಸರಿಗೆ ಸಿಗುವುದು 39 ಜಾಗ. ನಿಮ್ಮ ಪೂರ್ತಿ ಹೆಸರು ಅದರಲ್ಲಿ ಆರಾಮಾಗಿ ಹಿಡಿಸುತ್ತದೆ, ಕತ್ತರಿಸಿ ಹೋಗುವ ಭಯ ಇಲ್ಲ.

ಉದ್ದ ಆಯಿತು ಅಂತ ಹೊನ್ನವಳ್ಳಿಯನ್ನು ಬಿಟ್ಟುಬಿಡಬೇಡಿ. ಬಿಟ್ಟರೆ ಮಾರ್ಕ್ಸ್ ಕಾರ್ಡಿನ ಇನಿಶಿಯಲ್ ಎಚ್‌ಗೆ ಅರ್ಥವೇ ಇರುವುದಿಲ್ಲ. ಇರುವ ಹೆಸರನ್ನು ಭಾಗ ಮಾಡುವುದು ಬೇರೆ, ಹೆಸರಿನಿಂದ ಒಂದು ಪದ ತೆಗೆಯುವುದು ಬೇರೆ. ಎರಡನೆಯದನ್ನು ಹೆಸರು ಬದಲಾವಣೆ ಅಂತ ನೋಡಿದರೆ ಅಫಿಡವಿಟ್, ಪತ್ರಿಕೆಯಲ್ಲಿ ಪ್ರಕಟಣೆ ಅಂತ ಕೆಲಸ ಬೆಳೆಯುತ್ತದೆ.

ಆ ಒಂದು ಎಚ್

ಕನ್ನಡದ ‘ತ’ವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೆಲವರು ಬರೀ ಟಿ ಹಾಕುತ್ತಾರೆ, ಕೆಲವರು ಟಿ ಎಚ್ ಹಾಕುತ್ತಾರೆ. ಚೈತ್ರ, ಕವಿತಾ, ಸುನೀತಾ, ಜ್ಯೋತಿ, ಕಾರ್ತಿಕ್ ಅಂತ ಹೆಸರಿದ್ದವರ ಮನೆಯಲ್ಲೆಲ್ಲ ಈ ಎಚ್ ಒಂದು ಕಾಗದದಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ನಮಗೆ ಎರಡೂ ಒಂದೇ ಉಚ್ಚಾರ. ಕಂಪ್ಯೂಟರಿಗೆ ಎರಡೂ ಬೇರೆ ಬೇರೆ ಜನ.

ಹೇಗೂ ರೀಇಶ್ಯೂ ಮಾಡಿಸುತ್ತೀರಿ, ಅದರಲ್ಲೇ ಇದನ್ನೂ ಸರಿ ಮಾಡಿಸಿಕೊಳ್ಳಿ. ಯಾವ ಕಡೆಗೆ ಸರಿ ಮಾಡಿಸಬೇಕು? ಎಸ್‌ಎಸ್‌ಎಲ್‌ಸಿ, ಪಿಯುಸಿ, ಬಿಇ ಅಷ್ಟೂ ಒಂದು ಕಡೆ ಇವೆ. ಪಾಸ್‌ಪೋರ್ಟ್ ಮತ್ತು ಆಧಾರ್ ಇನ್ನೊಂದು ಕಡೆ. ತಿದ್ದಲು ಸುಲಭ ಇರುವುದು ಈ ಎರಡೇ. ಹಾಗಾಗಿ ಮಾರ್ಕ್ಸ್ ಕಾರ್ಡಿನ ಸ್ಪೆಲ್ಲಿಂಗಿಗೇ ಬನ್ನಿ, ಎಚ್ ಬೇಡ.

ಮೊದಲು ಆಧಾರ್, ಆಮೇಲೆ ಪಾಸ್‌ಪೋರ್ಟ್. ಈ ಕ್ರಮ ಹಿಂದುಮುಂದು ಆಗಬಾರದು. ಪಾಸ್‌ಪೋರ್ಟ್ ಕೇಂದ್ರಕ್ಕೆ ಹೋದ ದಿನ ನೀವು ತೋರಿಸುವ ಕಾಗದಗಳೆಲ್ಲ ಒಂದೇ ಸ್ಪೆಲ್ಲಿಂಗ್ ಹೇಳಬೇಕು. ಆಧಾರಿನಲ್ಲಿ ಹೆಸರು ತಿದ್ದಲು ಇಡೀ ಜೀವಮಾನದಲ್ಲಿ ಎರಡೇ ಅವಕಾಶ, ಆದ್ದರಿಂದ ಎಚ್ ತೆಗೆಸುವಾಗಲೇ ಹೊನ್ನವಳ್ಳಿ ನಾಗರಾಜು ಅಂತ ಪೂರ್ತಿ ಹೆಸರನ್ನೂ ಬರೆಸಿಬಿಡಿ. ಯಾವ ದಾಖಲೆ ಒಪ್ಪುತ್ತಾರೆ ಅಂತ ಕೇಂದ್ರದಲ್ಲಿ ಕೇಳಿಕೊಂಡು ಹೋಗಿ. ಪಾಸ್‌ಪೋರ್ಟಿಗೆ ಯಾವ ಕಾಗದ ಬೇಕು ಅನ್ನುವುದನ್ನು ಪೋರ್ಟಲಿನಲ್ಲೇ ಇರುವ ಡಾಕ್ಯುಮೆಂಟ್ ಅಡ್ವೈಸರ್ ಹೇಳುತ್ತದೆ. ಏಜೆಂಟರ ಪಟ್ಟಿಗಿಂತ ಅದನ್ನು ನಂಬಿ.

ಇನ್ನು ಐಇಎಲ್‌ಟಿಎಸ್

ನಮ್ಮ ದೇಶದಲ್ಲಿ ಈ ಪರೀಕ್ಷೆಗೆ ಗುರುತಿನ ಚೀಟಿಯಾಗಿ ಪಾಸ್‌ಪೋರ್ಟೇ ಬೇಕು. ಬುಕ್ ಮಾಡುವಾಗ ಕೊಟ್ಟ ಪಾಸ್‌ಪೋರ್ಟನ್ನೇ ಪರೀಕ್ಷೆಯ ದಿನ ತೋರಿಸಬೇಕು. ಈಗ ಯೋಚನೆ ಮಾಡಿ. ರೀಇಶ್ಯೂಗೆ ಹೋದಾಗ ನಿಮ್ಮ ಹಳೇ ಪಾಸ್‌ಪೋರ್ಟಿಗೆ ರದ್ದು ಮುದ್ರೆ ಒತ್ತಿ ಕೈಗೆ ವಾಪಸ್ ಕೊಡುತ್ತಾರೆ. ಹೊಸದು ಅಂಚೆಯಲ್ಲಿ ಬರುವವರೆಗೆ ನಿಮ್ಮ ಹತ್ತಿರ ನಡೆಯುವ ಪಾಸ್‌ಪೋರ್ಟೇ ಇರುವುದಿಲ್ಲ. ಪರೀಕ್ಷೆ ಆ ನಡುವೆ ಬಿದ್ದರೆ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ, ಕಟ್ಟಿದ ಫೀಸೂ ಹೋಗುತ್ತದೆ.

ಮೊದಲು ಪರೀಕ್ಷೆ ಬರೆದು ಆಮೇಲೆ ಪಾಸ್‌ಪೋರ್ಟ್ ಬದಲಿಸಿದರೆ? ಆಗುತ್ತದೆ, ಆದರೆ ಅಂಕಪಟ್ಟಿಯಲ್ಲಿ ಎಚ್ ಇರುವ ಹಳೇ ಹೆಸರು, ಹಳೇ ನಂಬರ್ ಇರುತ್ತದೆ. ಅಂಕಪಟ್ಟಿ ಎರಡು ವರ್ಷ ನಡೆಯುತ್ತದೆ, ಅಷ್ಟೂ ದಿನ ಈ ವ್ಯತ್ಯಾಸಕ್ಕೆ ವಿವರಣೆ ಕೊಡುತ್ತಿರಬೇಕು. ಹೊಸ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಹಳೇ ಪಾಸ್‌ಪೋರ್ಟಿನ ನಂಬರ್ ಮುದ್ರಿಸಿರುತ್ತಾರೆ, ಈಗಾಗಲೇ ಪರೀಕ್ಷೆ ಬರೆದವರು ಅದನ್ನು ತೋರಿಸಿ ದಾಟಿಕೊಳ್ಳಬಹುದು. ನೀವು ಇನ್ನೂ ಬರೆದಿಲ್ಲ. ಪರೀಕ್ಷೆಯನ್ನು ಮುಂದಕ್ಕೆ ಹಾಕಿ. ದಿನಾಂಕ ಬದಲಿಸಲು ಎಷ್ಟು ದಿನ ಮುಂಚೆ ಹೇಳಬೇಕು, ಎಷ್ಟು ಕಟ್ಟಬೇಕು ಅಂತ ಇವತ್ತೇ ಅವರನ್ನು ಕೇಳಿ. ಇವತ್ತೇ ಅಂದಿದ್ದು ಸುಮ್ಮನೆ ಅಲ್ಲ, ತಡ ಮಾಡಿದರೆ ಆ ಅವಕಾಶ ಮುಚ್ಚಿಹೋಗುತ್ತದೆ.

ಪಾಸ್‌ಪೋರ್ಟ್ ಕೇಂದ್ರದಲ್ಲಿ ಆ ಎರಡು ನಿಮಿಷ

ನಾನು ತುಂಬ ಜನರಿಗೆ ಹೇಳುವ ಮಾತೊಂದಿದೆ. ಕೇಂದ್ರದಲ್ಲಿ ಮೊದಲ ಕೌಂಟರಿನಲ್ಲಿ ನಿಮ್ಮ ಫೋಟೋ, ಬೆರಳಚ್ಚು ತೆಗೆದುಕೊಂಡು ಕಾಗದ ಸ್ಕ್ಯಾನ್ ಮಾಡುತ್ತಾರೆ. ಆಮೇಲೆ ‘ಎಲ್ಲ ಸರಿ ಇದೆಯಾ ನೋಡಿಕೊಳ್ಳಿ’ ಅನ್ನುತ್ತಾರೆ. ಹಿಂದೆ ಸಾಲು ನಿಂತಿರುತ್ತದೆ. ನಾವು ಒಮ್ಮೆ ಕಣ್ಣಾಡಿಸಿ ‘ಸರಿ ಇದೆ’ ಅಂದುಬಿಡುತ್ತೇವೆ. ಹಾಗೆ ಮಾಡಬೇಡಿ. ಎಸ್‌ಎಸ್‌ಎಲ್‌ಸಿ ಕಾರ್ಡನ್ನು ಕೈಯಲ್ಲಿ ಹಿಡಿದು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿ. ಗಿವನ್ ನೇಮ್ ಸಿ ಇಂದ ಶುರುವಾಗಿ ಎ ವರೆಗೆ. ಸರ್‌ನೇಮ್. ಹುಟ್ಟಿದ ದಿನ. ಅಪ್ಪ ಅಮ್ಮನ ಹೆಸರು. ಒಬ್ಬ ಹುಡುಗಿ ಹೀಗೆ ಓದುತ್ತಿದ್ದಾಗ ಅಮ್ಮನ ಹೆಸರಿನಲ್ಲಿ ಒಂದು ಎ ಬಿಟ್ಟುಹೋಗಿದ್ದು ಸಿಕ್ಕಿತು, ಅಲ್ಲೇ ಸರಿಯಾಯಿತು. ಮನೆಗೆ ಬಂದ ಮೇಲೆ ಕಂಡಿದ್ದರೆ ಮತ್ತೆ ಮೊದಲಿಂದ ಅರ್ಜಿ ಹಾಕಬೇಕಿತ್ತು.

ಹೊಸ ಪುಸ್ತಕ ಕೈಗೆ ಬಂದ ದಿನವೂ ಹೀಗೇ ಓದಿ. ಏನಾದರೂ ತಪ್ಪು ಕಂಡರೆ ಪೆನ್ನು ಮುಟ್ಟಿಸಬೇಡಿ. ಪಾಸ್‌ಪೋರ್ಟಿನಲ್ಲಿ ನಾವೇ ತಿದ್ದುವುದು, ಅರ್ಜಿಯಲ್ಲಿ ಗೊತ್ತಿದ್ದೂ ಸುಳ್ಳು ಹೇಳುವುದು ಎರಡೂ 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಅಪರಾಧ. ಎರಡು ವರ್ಷದವರೆಗೆ ಜೈಲು ಅಥವಾ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಅದಕ್ಕೇ ‘ಹಳೇ ಪಾಸ್‌ಪೋರ್ಟ್ ಇಲ್ಲ ಅಂತ ಹೇಳಿ ಹೊಸದಾಗಿ ಹಾಕೋಣ, ಬೇಗ ಆಗುತ್ತೆ’ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಅರ್ಜಿ ತುಂಬುವಾಗ

ಹೊಸ ಪಾಸ್‌ಪೋರ್ಟ್ ಬಂದ ಮೇಲೆ ಯೂನಿವರ್ಸಿಟಿ, ಪರೀಕ್ಷೆ, ವೀಸಾ, ಟಿಕೆಟ್ ಎಲ್ಲದರಲ್ಲೂ ಅದರಲ್ಲಿ ಇರುವ ಹಾಗೇ ಬರೆಯಿರಿ. ‘ಬೇರೆ ಹೆಸರು ಇದೆಯೇ’ ಅಂತ ಕೇಳುವ ಕಡೆ ‘ಚೈತ್ರ ಎಚ್ ಎನ್’ ಬರೆಯಿರಿ. ಡಿಎಸ್-160ರಲ್ಲೂ ಅಂಥ ಪ್ರಶ್ನೆ ಇದೆ. ಎಚ್ ಇದ್ದ ಹಳೇ ಪಾಸ್‌ಪೋರ್ಟಿನ ಸ್ಪೆಲ್ಲಿಂಗನ್ನೂ ಅಲ್ಲೇ ಹೇಳಿಬಿಡಿ. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇಲ್ಲ.

ಇನಿಶಿಯಲ್‌ಗೆ ಒಂದು ಕಾಗದ ಸಾಕು ಅಂದೆನಲ್ಲ, ಅದು ನೋಟರಿ ಮಾಡಿಸಿದ ಅಫಿಡವಿಟ್. ಮಾರ್ಕ್ಸ್ ಕಾರ್ಡಿನಲ್ಲಿರುವ ಚೈತ್ರ ಎಚ್ ಎನ್, ಪಾಸ್‌ಪೋರ್ಟಿನಲ್ಲಿರುವ ಚೈತ್ರ ಹೊನ್ನವಳ್ಳಿ ನಾಗರಾಜು ಇಬ್ಬರೂ ಒಬ್ಬರೇ, ಎಚ್ ಅಂದರೆ ಹೊನ್ನವಳ್ಳಿ, ಎನ್ ಅಂದರೆ ನಾಗರಾಜು ಅಂತ ಇಂಗ್ಲಿಷಿನಲ್ಲಿ ಬರೆಸಿ. ಎರಡು ಮೂರು ಮೂಲ ಪ್ರತಿ ಇಟ್ಟುಕೊಳ್ಳಿ. ಯಾರೂ ಕೇಳದೆಯೂ ಇರಬಹುದು, ಆದರೆ ಫೈಲಿನಲ್ಲಿ ಇರಲಿ. ನಿಮ್ಮ ತಂದೆಯವರ ಬ್ಯಾಂಕ್ ಪುಸ್ತಕದಲ್ಲಿ ಒಂದು ಹೆಸರು, ನಿಮ್ಮ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಇನ್ನೊಂದು ರೀತಿ ಇದ್ದರೆ ಅವರದ್ದೂ ಇಂಥದ್ದೇ ಒಂದು ಮಾಡಿಸಿ. ಸಾಲಕ್ಕೆ, ಖರ್ಚಿನ ಹಣ ತೋರಿಸುವುದಕ್ಕೆ ಅನುಕೂಲ.

ಅರ್ಜಿಯಲ್ಲಿ ಹೆಸರಿಗಿಂತ ಜಾಸ್ತಿ ತಪ್ಪು ಆಗುವುದು ಅಂಕಿಗಳಲ್ಲಿ. ಒಬ್ಬಳು ಹುಡುಗಿ ಹುಟ್ಟಿದ್ದು ಆಗಸ್ಟ್ 5. ಅಮೆರಿಕದ ಯೂನಿವರ್ಸಿಟಿಯ ಪೋರ್ಟಲಿನಲ್ಲಿ 05/08 ಅಂತ ಹಾಕಿದಳು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಯೂನಿವರ್ಸಿಟಿ ವೀಸಾಕ್ಕೆಂದು ಕಳಿಸುವ ಐ-20 ಪತ್ರ ಬಂದಾಗ ಹುಟ್ಟಿದ ದಿನ ಮೇ 8 ಆಗಿತ್ತು. ಅದು ಕಣ್ಣಿಗೆ ಬಿದ್ದಿದ್ದು ಇಂಟರ್‌ವ್ಯೂಗೆ ನಾಲ್ಕು ದಿನ ಇರುವಾಗ. ರಾತ್ರಿಯೆಲ್ಲ ಕೂತು ಮೇಲ್ ಮಾಡಿ ತಿದ್ದಿಸಿದೆವು. ದಿನ 12 ಅಥವಾ ಅದಕ್ಕಿಂತ ಕಡಿಮೆ ಇರುವವರು ಇದರಲ್ಲಿ ಸಿಕ್ಕಿಬೀಳುತ್ತಾರೆ, ಯಾಕೆಂದರೆ ಪೋರ್ಟಲ್ ತಪ್ಪು ಅಂತ ಹೇಳುವುದೇ ಇಲ್ಲ. ಇನ್ನು ಪಾಸ್‌ಪೋರ್ಟ್ ನಂಬರಿನಲ್ಲಿ ಇಂಗ್ಲಿಷ್ ಅಕ್ಷರ ಮೊದಲು, ಆಮೇಲೆ ಬರೀ ಅಂಕಿ. ಆ ಅಂಕಿಗಳ ನಡುವೆ ಓ ಥರ ಕಂಡಿದ್ದೆಲ್ಲ ಸೊನ್ನೆಯೇ. ಕೊನೆಯ ಪುಟದಲ್ಲಿರುವ ಉದ್ದದ ಫೈಲ್ ನಂಬರ್ ಪಾಸ್‌ಪೋರ್ಟ್ ನಂಬರ್ ಅಲ್ಲ.

ತುಮಕೂರಿನ ಸ್ಪೆಲ್ಲಿಂಗ್ ಬಗ್ಗೆ ಎರಡು ಮಾತು. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ತುಮಕೂರು ಸೇರಿ ನಮ್ಮ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಅದಕ್ಕೂ ಮುಂಚೆ ಹುಟ್ಟಿದವರ ಜನನ ಪ್ರಮಾಣಪತ್ರದಲ್ಲಿ ಹಳೆಯದೇ ಇರುತ್ತದೆ. ಇದು ಯಾರ ವೀಸಾವನ್ನೂ ತಡೆದಿದ್ದು ನಾನು ನೋಡಿಲ್ಲ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಅರ್ಜಿಯಲ್ಲಿ ಬರೆಯಿರಿ.

ಕೊನೆಯದು ನಿಮ್ಮ ಸಹಿ. ಅದು ಕನ್ನಡದಲ್ಲೇ ಇರಲಿ. ಸಹಿ ಇಂಗ್ಲಿಷಿನಲ್ಲೇ ಇರಬೇಕು ಅಂತ ಯಾವ ನಿಯಮವೂ ಇಲ್ಲ. ಹೊಸ ಪಾಸ್‌ಪೋರ್ಟಿಗೆ ಹೇಗೆ ಸಹಿ ಹಾಕುತ್ತೀರೋ ಅರ್ಜಿ, ಬ್ಯಾಂಕ್ ಕಾಗದಗಳಲ್ಲೂ ಹಾಗೇ ಹಾಕಿದರಾಯಿತು. ಈ ವಾರ ಐಇಎಲ್‌ಟಿಎಸ್ ದಿನಾಂಕ ಮುಂದಕ್ಕೆ ಹಾಕಿ, ಆಧಾರ್ ಕೇಂದ್ರಕ್ಕೆ ಹೋಗಿ ಬನ್ನಿ. ಪಾಸ್‌ಪೋರ್ಟ್ ಫಾರಂ ಈ ಸಲ ನೀವೇ ಕೂತು ತುಂಬಿ. ಸಲ್ಲಿಸುವ ಮುಂಚೆ ಒಮ್ಮೆ ನನಗೆ ಕಳಿಸಿದರೆ ನೋಡಿಕೊಡುತ್ತೇನೆ.